ಹನುಮಕ್ಕನ ಸರದಿ

ಫಾಲ್ಗುಣ ಮುಗಿಯುತ್ತ ಬಂದಿತ್ತು. ಗವಿಪುರದ ಹಳೆಯ ಮನೆಯ ಹಿತ್ತಲಲ್ಲಿ ಮುನಿಲಕ್ಷ್ಮಮ್ಮ ಬೆಳಗಿನಿಂದ ಹುಣಸೆಹಣ್ಣು ಕುಟ್ಟುತ್ತಿದ್ದಳು. ಕಗ್ಗಲೀಪುರದ ಕಡೆಯ ನೆಂಟರು ಕಳಿಸಿದ್ದ ಎರಡು ಮೂಟೆ ಹಣ್ಣು. ಮೂರು ದಿನ ಬಿಸಿಲಿಗೆ ಹರಡಿ, ಓಡು ಕಳಚಿ, ನಾರು ಎಳೆದು ಆಗಿತ್ತು. ಉಳಿದಿದ್ದು ಬೀಜ ಬಿಡಿಸುವ ಕೆಲಸ. ಚಪ್ಪಡಿ ಕಲ್ಲಿನ ಮೇಲೆ ಹಣ್ಣು ಇಟ್ಟು ಕೊಡತಿಯಿಂದ ಒಂದೇ ಏಟು ಹಾಕಬೇಕು. ಏಟು ಕಡಿಮೆಯಾದರೆ ಬೀಜ ಬಿಡುವುದಿಲ್ಲ, ಜಾಸ್ತಿಯಾದರೆ ಬೀಜ ಒಡೆದು ಹಣ್ಣಿಗೆ ಒಗರು ಹತ್ತುತ್ತದೆ. ಐವತ್ತೆರಡು ವರ್ಷದಿಂದ ಅದೇ ಕಲ್ಲಿನ ಮುಂದೆ ಕೂತವಳಿಗೆ ಏಟಿನ ಲೆಕ್ಕ ಕೈಗೇ ಗೊತ್ತಿತ್ತು. ಈ ವರ್ಷ ಬಲಗಡೆಯ ಮಂಡಿ ಊದಿಕೊಂಡು ಮಡಿಸಲಿಕ್ಕೆ ಬಾರದೆ, ಆ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದಳು.

ಅವಳ ಮೈದುನ ಮುನಿರಾಮಪ್ಪ ಬಾವಿಕಟ್ಟೆಗೂ ನಿಂಬೆಗಿಡಕ್ಕೂ ನಡುವೆ ಅಡ್ಡಾಡುತ್ತಿದ್ದ. ಎರಡು ವರ್ಷದ ಹಿಂದೆ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರಾಗಿ ನಿವೃತ್ತನಾದವನು. ಹೆಂಡತಿ ಇಲ್ಲ. ಅಣ್ಣನೂ ತೀರಿಕೊಂಡ ಮೇಲೆ ಈ ಮನೆಯ ಹಿಂದಿನ ಕೋಣೆ ಅವನದು, ಮುಂದಿನದೆಲ್ಲ ಅತ್ತಿಗೆಯದು. ಕೈಯಲ್ಲಿ ಉದ್ದನೆಯ ಪ್ರೂಫ್ ಹಾಳೆಗಳಿದ್ದವು. ಆರು ವರ್ಷ ಕೂತು ಬರೆದ ಕಾದಂಬರಿ. ಅವನ ಮುತ್ತಾತ ಮಾಯಣ್ಣ ಈ ಊರ ಹೊಂಗೆಕಟ್ಟೆ ಕೆರೆಯ ನೀರುಗಂಟಿಯಾಗಿದ್ದವನು. ತೂಬು ತೆಗೆದು, ಸರದಿ ತಪ್ಪದಂತೆ ಒಬ್ಬೊಬ್ಬರ ಗದ್ದೆಗೂ ನೀರು ಬಿಡುವ ಕೆಲಸ. ಬಸವನಗುಡಿ ಅನ್ನುವ ಬಡಾವಣೆ ಏಳುವ ಮೊದಲಿನ ಮಾತು ಅದು. ಈಗ ಕೆರೆಯಿದ್ದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ.

ಕಾದಂಬರಿಗೆ 'ನೀರುಗಂಟಿ ಮಾಯಣ್ಣ' ಎಂದೇ ಹೆಸರು. ಅಚ್ಚಿಗೆ ಕಾಗದ ಕೊಡಿಸಿದ್ದವನು ಮುನಿಲಕ್ಷ್ಮಮ್ಮನ ಮಗ ಅಭಿನಂದನ್. ಸೈಟು, ಮನೆ ಕೊಡಿಸುವ ವ್ಯವಹಾರ ಅವನದು. ಆ ವರ್ಷ, ೧೯೯೬ರಲ್ಲಿ, ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವ ಯೋಚನೆಯೂ ಇತ್ತು. ಯುಗಾದಿ ಕಳೆದ ಭಾನುವಾರ ಪುಸ್ತಕ ಬಿಡುಗಡೆ ಅಂತ ಹಾಲ್ ಕೂಡ ಹಿಡಿದಿದ್ದ.

"ಹದಿನಾಲ್ಕನೇ ಅಧ್ಯಾಯ ಓದ್ತೀನಿ, ಕೇಳಿ ಅತ್ತಿಗೆ. ಇಡೀ ಪುಸ್ತಕ ಇದರ ಮೇಲೇ ನಿಂತಿರೋದು," ಎಂದ ಮುನಿರಾಮಪ್ಪ.

"ಓದು. ಕೈ ನಂದು, ಕಿವಿ ನಿಂದು," ಎಂದಳು ಅವಳು ಕೊಡತಿ ನಿಲ್ಲಿಸದೆ.

ಓದಿದ. ಪ್ಲೇಗು ಬಂದ ವರ್ಷ. ಕೆರೆಯಲ್ಲಿ ನೀರು ತಳ ಕಂಡಿದೆ. ಮಾಯಣ್ಣನ ಭತ್ತ ಹೊಡೆಗೆ ಬಂದಿದೆ, ತೆನೆ ಹೊರಡಲು ಇನ್ನೊಂದು ನೀರು ಬೇಕು. ಕೆರೆಯ ಕಟ್ಟಕಡೆಯ ಎರಡು ಕೊಳಗ ಬೀಜ ಹಿಡಿಯುವ ತುಂಡು ಗದ್ದೆ ವಿಧವೆ ಹನುಮಕ್ಕನದು. ಅವಳ ಭತ್ತವೂ ಬಾಡುತ್ತಿದೆ. ಮಾಯಣ್ಣ ತನ್ನ ಸರದಿಯ ನೀರನ್ನು ಹನುಮಕ್ಕನ ಗದ್ದೆಗೆ ತಿರುಗಿಸಿ, ತನ್ನ ಪೈರು ಒಣಗುವುದನ್ನು ಬದುವಿನ ಮೇಲೆ ನಿಂತು ನೋಡುತ್ತಾನೆ. 'ಅಂದಿನಿಂದ ಪ್ರತಿ ವರ್ಷ ಯುಗಾದಿಯ ಮಾರನೆಯ ದಿನ ಮಾಯಣ್ಣನ ಮನೆಯಿಂದ ಹನುಮಕ್ಕನ ಮನೆಗೆ ಒಂದು ಬಿಂದಿಗೆ ನೀರು ಹೋಗುವುದೂ, ಅವರು ಆ ಬಿಂದಿಗೆಯಲ್ಲಿ ಒಂದು ಹಿಡಿ ಭತ್ತವನ್ನು ನೀರುಗಂಟಿಯ ಕಾಣಿಕೆಯಾಗಿ ಹಾಕಿ ಕಳಿಸುವುದೂ ನಡೆದುಬಂತು.'

ಕೊಡತಿಯ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ಮುನಿರಾಮಪ್ಪನಿಗೆ ಗೊತ್ತಾಗಿರಲಿಲ್ಲ.

"ಇದನ್ನ ಯಾರು ಹೇಳಿದ್ರಪ್ಪ ನಿಂಗೆ?"

"ಅಪ್ಪ ಹೇಳ್ತಿರಲಿಲ್ವಾ? ಊರಿಗೆಲ್ಲ ಗೊತ್ತಿರೋ ವಿಷಯ."

"ಊರು ಅಂದ್ರೆ ಯಾರು? ಜಗಲಿ ಮೇಲೆ ಕೂತು ಬೀಡಿ ಸೇದೋ ಗಂಡಸ್ರು ತಾನೆ?"

ಅವಳು ಇನ್ನೂ ನಾಲ್ಕು ಹಣ್ಣು ಕುಟ್ಟಿದಳು. ಬೀಜಗಳನ್ನು ಕೈಯಂಚಿನಿಂದ ಪಕ್ಕಕ್ಕೆ ಒರೆಸಿದಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದಂತೆ ಕಂಡಿತು.

"ನೀರು ತಿರುಗಿಸಿದ್ದು ನಿಜ ಕಣಪ್ಪ. ಯಾವ ಕಡೆಗೆ ಅನ್ನೋದನ್ನ ಮಾತ್ರ ಉಲ್ಟಾ ಬರ್ದಿದೀಯ."

ಮುನಿರಾಮಪ್ಪ ನಿಂತಲ್ಲೇ ನಿಂತ.

"ಅವತ್ತು ಸರದಿ ಹನುಮಕ್ಕಂದು. ನಿಮ್ಮ ಮುತ್ತಾತ ಹೋಗಿ ಕೇಳಿದ. 'ನನ್ನ ಪೈರು ಹೊಡೆ ಬಿಟ್ಟದೆ, ಇವತ್ತಿನ ನೀರು ಎರವು ಕೊಡು, ಐದನೇ ದಿನ ನನ್ನ ಸರದೀಲಿ ಹಿಂದಕ್ಕೆ ಕೊಡ್ತೀನಿ' ಅಂದ. ನೀರುಗಂಟಿನೇ ಬಂದು ಕೇಳಿದ್ರೆ ಗಂಡ ಸತ್ತ ಹೆಂಗಸು ಇಲ್ಲ ಅಂತಾಳಾ? ಕೊಟ್ಲು. ಐದನೇ ದಿನ ಬರೋದ್ರೊಳಗೆ ಊರಲ್ಲಿ ಇಲಿ ಬಿತ್ತು. ಎಲ್ರೂ ಮನೆ ಬಿಟ್ಟು ಬಯಲಲ್ಲಿ ಗುಡಿಸ್ಲು ಹಾಕ್ಕೊಂಡ್ರು. ತೂಬು ತೆಗೆಯೋಕೆ ಯಾರೂ ಇಲ್ಲ. ಹಿಂದಕ್ಕೆ ಬಂದಾಗ ಇವ್ನ ಗದ್ದೇಲಿ ತೆನೆ ಬಾಗಿತ್ತು, ಅವ್ಳ ಗದ್ದೇಲಿ ಹುಲ್ಲು ನಿಂತಿತ್ತು."

"ಪಂಚಾಯ್ತಿ ಆಗ್ಲಿಲ್ವಾ?"

"ಆಯ್ತು. ಮಾಯಣ್ಣನ ಹತ್ರ ಸರದಿ ಹಗ್ಗ ಇರ್ತಿತ್ತಂತೆ, ಗದ್ದೆಗೊಂದು ಗಂಟು. ಒಬ್ಬರ ನೀರು ಇನ್ನೊಬ್ಬರು ಎರವು ತಗೊಂಡ್ರೆ ಆ ಗಂಟಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸೋದು. ಎಲ್ರ ಮುಂದೆ ಹಗ್ಗ ಎತ್ತಿ ತೋರಿಸ್ದ. ಹುಲ್ಲುಕಡ್ಡಿ ಇರ್ಲಿಲ್ಲ."

"ಅವನೇ ಕಿತ್ತಾಕಿದ್ನಾ?"

"ಮತ್ತೆ ಗುಬ್ಬಚ್ಚಿ ಬಂದು ಕಿತ್ಕೊಂಡು ಹೋಯ್ತಾ?"

ಆ ಹುಲ್ಲುಕಡ್ಡಿಯನ್ನು ಸಿಕ್ಕಿಸಿದ್ದನ್ನು ಕಣ್ಣಾರೆ ಕಂಡಿದ್ದವಳು ಮಾಯಣ್ಣನ ಹೆಂಡತಿ. ಪಂಚಾಯ್ತಿಯಲ್ಲಿ ಅವಳು ಬಾಯಿ ಬಿಡಲಿಲ್ಲ. ಮುಂದಿನ ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿನ ದಿನ, ಒಲೆಗೆ ಮಾಂಸ ಇಡುವ ಮೊದಲು ಒಂದು ಬಿಂದಿಗೆ ನೀರು ಹೊತ್ತುಕೊಂಡು ಹನುಮಕ್ಕನ ಬಾಗಿಲಿಗೆ ಹೋದಳು. ಹನುಮಕ್ಕ ನೀರನ್ನು ಸುರಿದುಕೊಂಡು, ಸಾಲ ತೀರಿಲ್ಲ ಎನ್ನುವ ಗುರುತಿಗೆ ಬಿಂದಿಗೆಯಲ್ಲಿ ಒಂದು ಹಿಡಿ ಭತ್ತ ಹಾಕಿ ಹಿಂದಕ್ಕೆ ಕೊಟ್ಟಳು. 'ಕೇಳಿದ್ದು ಅವನು. ಹೊತ್ತಿದ್ದು ನೀನು. ಎರವು ತಗೊಂಡಿದ್ದು ನಿಜ ಅಂತ ಅವನ ಮನೆ ಗಂಡಸಿನ ಬಾಯಲ್ಲಿ ಬರೋವರೆಗೂ ನನ್ನ ಗದ್ದೆಗೆ ನೀರು ಬಂದಿಲ್ಲ ಅಂತಲೇ ಲೆಕ್ಕ. ಬಂದ ದಿನ ಬಿಂದಿಗೆ ಇಟ್ಕೋತೀವಿ' ಅಂದಳಂತೆ. ಅಲ್ಲಿಂದ ಅತ್ತೆ ಸೊಸೆಗೆ, ಆ ಸೊಸೆ ತನ್ನ ಸೊಸೆಗೆ ಹೇಳಿಕೊಂಡು ಬಂದ ಮಾತು. ಕೆರೆ ಹೋಗಿ ಬಾವಿ ನೀರಾಯಿತು. ಹನುಮಕ್ಕನ ಮನೆಯವರು ತ್ಯಾಗರಾಜನಗರಕ್ಕೆ ಹೋದರು. ಬಿಂದಿಗೆ ಮಾತ್ರ ನಿಲ್ಲಲಿಲ್ಲ.

ಮುನಿರಾಮಪ್ಪನಿಗೆ ಬಿಂದಿಗೆಯ ತಳದ ಭತ್ತ ನೆನಪಿತ್ತು. ಚಿಕ್ಕಂದಿನಲ್ಲಿ ಅಮ್ಮ ಹಿಂದಿರುಗಿ ಬಂದಾಗ ಒಳಗೆ ಕೈ ಹಾಕಿ ಒದ್ದೆ ಕಾಳು ತೆಗೆದು ಆಡುತ್ತಿದ್ದ. ಸುಗ್ಗಿಯಲ್ಲಿ ರೈತರೆಲ್ಲ ನೀರುಗಂಟಿಗೆ ಒಂದಿಷ್ಟು ಕಾಳು ಕೊಡುವುದು ಎಲ್ಲ ಊರಿನ ಪದ್ಧತಿ. ಇದೂ ಅದೇ ಎಂದುಕೊಂಡಿದ್ದ. ಅಮ್ಮ ಆ ಕಾಳನ್ನು ಯಾವತ್ತೂ ಅಡುಗೆಗೆ ಬಳಸದೆ ಹಕ್ಕಿಗಳಿಗೆ ಎರಚುತ್ತಿದ್ದಳು ಎನ್ನುವುದು ಈಗ ನೆನಪಾಯಿತು.

"ಆರು ವರ್ಷದಿಂದ ಬರೀತಿದೀನಿ. ಒಂದು ಮಾತು ಹೇಳ್ಬಾರ್ದಾಗಿತ್ತಾ ಅತ್ತಿಗೆ?"

"ನೀನು ಕೇಳಿದ್ಯಾ? ಲೈಬ್ರರಿಗೆ ಹೋದೆ, ತಾಲ್ಲೂಕಾಫೀಸಿಗೆ ಹೋದೆ, ಹಳೇ ಕಾಗದ ಎಲ್ಲೆಲ್ಲಿ ಹುಳ ತಿಂತಿದ್ಯೋ ಅಲ್ಲೆಲ್ಲ ಹೋಗಿ ಬಂದೆ. ಹಿತ್ತಲಿಗೆ ಬಂದ್ಯಾ?"

ಮತ್ತೆ ಕೊಡತಿಯ ಸದ್ದು ಶುರುವಾಯಿತು.

ಅವತ್ತು ಮುನಿರಾಮಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದ. ಕೋಣೆಗೆ ಹೋಗಿ ಹಳೆಯ ಟಿಪ್ಪಣಿಗಳ ಕಟ್ಟು ಬಿಚ್ಚಿದ, ಮತ್ತೆ ಕಟ್ಟಿದ. ತಾಲ್ಲೂಕು ಕಚೇರಿಯಿಂದ ನಕಲು ಮಾಡಿ ತಂದಿದ್ದ ಪಟ್ಟಿಯಲ್ಲಿ ಮಾಯಣ್ಣನ ಗದ್ದೆ ಇತ್ತು, ಹನುಮಕ್ಕನ ಗದ್ದೆ ಇತ್ತು. ಮೂರು ವರ್ಷದ ನಂತರದ ಪಟ್ಟಿಯಲ್ಲಿ ಹನುಮಕ್ಕನ ಹೆಸರಿರಲಿಲ್ಲ. ಅದನ್ನು ಅವನು ಮೊದಲೇ ನೋಡಿದ್ದ. ಪ್ಲೇಗಿನಲ್ಲಿ ಹೋಗಿರಬೇಕು ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದ; ಪೈರು ಹೋಗಿ ಗದ್ದೆಯೇ ಕೈಬಿಟ್ಟಿರಬಹುದು ಎಂದು ಹೊಳೆದಿರಲಿಲ್ಲ. ಬಿಸಿಲು ಇಳಿಯುವ ಮೊದಲೇ ಚಪ್ಪಲಿ ಮೆಟ್ಟಿ ಚಾಮರಾಜಪೇಟೆಯ ಕಡೆ ನಡೆದ.

ಅಲ್ಲಿ ನಾಲ್ಕನೇ ಅಡ್ಡರಸ್ತೆಯಲ್ಲಿ ರಾಮಸ್ವಾಮಿಯವರ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆಯ ಮಾದರಿಗಳು, ಹಿಂದಿನದರಲ್ಲಿ ಕಾಲಿನಿಂದ ತುಳಿಯುವ ಹಳೆಯ ಮಷೀನು. ಬೇರೆಯವರೆಲ್ಲ ಕಂಪ್ಯೂಟರಿಗೆ ಹೋದರೂ ಇವರು ಇನ್ನೂ ಸೀಸದ ಮೊಳೆ ಜೋಡಿಸಿಯೇ ಅಚ್ಚು ಹಾಕುತ್ತಿದ್ದರು. ಮೊಳೆ ಜೋಡಿಸುವವನು ಶೀನಣ್ಣ, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ನಿಂತೇ ಕೆಲಸ ಮಾಡುವವನು.

"ಬನ್ನಿ ಬನ್ನಿ ಮೇಷ್ಟ್ರೇ. ಹದಿನಾಲ್ಕು ನಾಳೆ ಬೆಳಿಗ್ಗೆ ಮಷೀನಿಗೆ ಏರ್ತಾ ಇದೆ," ಎಂದರು ರಾಮಸ್ವಾಮಿ.

"ಏರಿಸ್ಬೇಡಿ. ತಿದ್ಬೇಕು."

"ಕಾಗುಣಿತಾನಾ?"

"ಪೂರ್ತಿ."

ಒಳಗಿನಿಂದ ಶೀನಣ್ಣ ತಲೆ ಹೊರಗೆ ಹಾಕಿದ. "ಹದಿನಾರು ಪುಟ ಬಿಚ್ಚಿ ಮತ್ತೆ ಕಟ್ಬೇಕಾ? ಸಾರ್, ನಿಮ್ಮ ಮುತ್ತಾತ ಸತ್ತು ಎಷ್ಟು ವರ್ಷ ಆಯ್ತು? ಈಗ ಅದೇನು ಹೊಸದಾಗಿ ಮಾಡಿದ್ರು?"

ಮುನಿರಾಮಪ್ಪ ನಗಲಿಲ್ಲ. ರಾಮಸ್ವಾಮಿ ಅವನ ಮುಖ ನೋಡಿ, "ಐದು ದಿನದಲ್ಲಿ ತಂದ್ಕೊಡಿ. ಹಬ್ಬದ ಮುಂಚೆ ಕಟ್ಟಿಸ್ತೀನಿ. ಅದಕ್ಕಿಂತ ತಡ ಆದ್ರೆ ಹಾಲ್ ತಪ್ಪುತ್ತೆ, ನಿಮ್ಮ ಅಣ್ಣನ ಮಗ ನನ್ನ ಮೇಲೆ ಬರ್ತಾರೆ," ಎಂದರು.

ಅಣ್ಣನ ಮಗ ಮಾರನೆಯ ದಿನ ಸಂಜೆ ಮನೆಗೇ ಬಂದ. ಸುದ್ದಿ ಪ್ರೆಸ್ಸಿನಿಂದಲೇ ತಲುಪಿತ್ತು. ಕಾರನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಬೀಗ ಹಾಕಿದೆಯೋ ನೋಡಲು ಅರ್ಧ ದಾರಿಗೆ ಹಿಂದೆ ಹೋಗಿ, ಮತ್ತೆ ಬಂದ. ಮುನಿಲಕ್ಷ್ಮಮ್ಮ ಬಿಡಿಸಿದ ಹಣ್ಣಿಗೆ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತುತ್ತಿದ್ದಳು.

"ಏನ್ ಚಿಕ್ಕಪ್ಪ ಇದು? ಮುತ್ತಾತ ಕಳ್ಳ ಅಂತ ಬರ್ದು ನನ್ನ ಕೈಯಲ್ಲೇ ಬಿಡುಗಡೆ ಮಾಡಿಸ್ತೀರಾ?"

"ಕಳ್ಳ ಅಂತ ಬರಿಯಲ್ಲ. ಎರವು ತಗೊಂಡ, ಹಿಂದಕ್ಕೆ ಕೊಡ್ಲಿಲ್ಲ ಅಂತ ಬರೀತೀನಿ."

"ಅದನ್ನೇ ಜನ ಕಳ್ಳ ಅನ್ನೋದು." ಅಭಿನಂದನ್ ಬಾವಿಕಟ್ಟೆಯ ಮೇಲೆ ಕೂತ, ತಕ್ಷಣ ಎದ್ದು ಪ್ಯಾಂಟು ಕೊಡವಿದ. "ಇದು ಕಾದಂಬರಿ ತಾನೆ? ಕಥೆ. ಮಾಯಣ್ಣ ಬಿಳೀ ಎತ್ತು ಕಟ್ಟಿದ್ದ ಅಂತ ಬರ್ದಿದ್ದೀರ. ನೀವು ನೋಡಿದ್ರಾ ಆ ಎತ್ತನ್ನ? ಅಲ್ಲೆಲ್ಲ ಕಟ್ಟಬಹುದು, ಇಲ್ಲಿ ಮಾತ್ರ ಕಟ್ಟಬಾರ್ದಾ?"

ಈ ಮಾತು ಮುನಿರಾಮಪ್ಪನಿಗೆ ತಟ್ಟಿತು. ಎತ್ತಿನ ಬಣ್ಣ ಅವನೇ ಹಚ್ಚಿದ್ದು. ಮಾಯಣ್ಣ ಮದುವೆಯ ದಿನ ಆಡಿದ ಮಾತು, ತೂಬಿನ ಹತ್ತಿರದ ನಾಗರಕಲ್ಲು, ಯಾವುದೂ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನು ಬಾವಿಯ ಸುತ್ತ ಒಂದು ಸುತ್ತು ಬಂದ.

"ಎತ್ತಿನ ಬಣ್ಣ ಕೇಳ್ಕೊಂಡು ಯಾರೂ ಬರಲ್ಲಪ್ಪ. ಈ ನೀರು ಕೇಳೋರು ಇದ್ದಾರೆ."

"ಒಂದು ಬಿಂದಿಗೆ ನೀರು! ಅಮ್ಮ, ಇಷ್ಟು ವರ್ಷದ ಬಿಂದಿಗೆ ಎಲ್ಲ ಸೇರಿಸಿದ್ರೂ ಒಂದು ಟ್ಯಾಂಕರ್ ತುಂಬಲ್ಲ. ನಾಳೆ ತ್ಯಾಗರಾಜನಗರಕ್ಕೆ ಒಂದು ಟ್ಯಾಂಕರ್ ಕಳಿಸ್ತೀನಿ. ಮನೆ ಮುಂದೆ ನಿಲ್ಸಿ ಸಂಪು ತುಂಬಿಸ್ಲಿ. ಸಾಲ ಕ್ಲೋಸ್."

"ಕಳಿಸು," ಎಂದಳು ಮುನಿಲಕ್ಷ್ಮಮ್ಮ ಜಾಡಿಯಿಂದ ಕೈ ತೆಗೆಯದೆ. "ಟ್ಯಾಂಕರ್ ಮೇಲೆ ನಿನ್ ಫೋಟೋ ಅಂಟಿಸೋದು ಮರೀಬೇಡ."

"ನೀನೂ ಅವರ ಕಡೆನೇನಾ?"

"ನಾನು ಯಾರ ಕಡೆನೂ ಇಲ್ಲ. ಮಂಡಿ ನೋಯ್ತಾ ಇದೆ, ಅಷ್ಟೆ. ಈ ವರ್ಷ ಯಾರು ಹೊರ್ತಾರೆ ಅನ್ನೋದು ನಂಗೆ ಯೋಚನೆ. ನಿನ್ ಹೆಂಡ್ತಿನ ಕೇಳಿದೆ. ಬಿಂದಿಗೆ ಯಾಕತ್ತೆ, ಕ್ಯಾನ್ ತಗೊಂಡು ಕಾರಲ್ಲಿ ಹೋಗ್ಬಂದ್ಬಿಡ್ತೀನಿ ಅಂದ್ಲು."

ಅಭಿನಂದನ್ ಜೇಬಿನಿಂದ ಕಾರಿನ ಬೀಗದ ಕೈ ತೆಗೆದ. ಹೊರಡುವಾಗ ದನಿ ತಗ್ಗಿಸಿ ಹೇಳಿದ: "ಚಿಕ್ಕಪ್ಪ, ನೀವು ನಂಗೆ ಅಕ್ಷರ ಕಲಿಸಿದೋರು. ನಿಮ್ಮ ಜೊತೆ ಜಗಳ ಆಡಲ್ಲ. ಆದ್ರೆ ಆ ಅಧ್ಯಾಯ ಬದಲಾದ್ರೆ ನನ್ನ ಕಾಗದದ ಮೇಲೆ ಅಚ್ಚಾಗಲ್ಲ."

ಮುಂದಿನ ಮೂರು ದಿನ ಮುನಿರಾಮಪ್ಪ ಬರೆಯಲು ಕೂತ, ಎದ್ದ, ಕೂತ. ಇಷ್ಟು ವರ್ಷ ಮಾಯಣ್ಣ ಅವನ ಲೇಖನಿಗೆ ಸಲೀಸಾಗಿ ಬರುತ್ತಿದ್ದ. ಎತ್ತರದ ಆಳು, ಹೆಗಲ ಮೇಲೆ ಗುದ್ದಲಿ. ಈಗ ಕರೆದರೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದ. ನಲ್ಲಿ ಬಂತೆಂದು ಬೀದಿಯಲ್ಲಿ ಕೂಗಿದರೆ ಮುನಿರಾಮಪ್ಪ ಮೊದಲು ಓಡಿ ಹೋಗಿ ಕೊಡ ಹಿಡಿಯುತ್ತಿದ್ದ. ಬರೆಯುವುದರಿಂದ ತಪ್ಪಿಸಿಕೊಳ್ಳಲು ಅದೂ ಒಂದು ನೆಪ. ಒಂದು ದಿನ ಮಧ್ಯಾಹ್ನ ಕೆರೆಯಿದ್ದ ಮೈದಾನಕ್ಕೇ ಹೋಗಿ, ತೂಬು ಎಲ್ಲಿ ಇದ್ದಿರಬಹುದು, ಹನುಮಕ್ಕನ ಗದ್ದೆ ಯಾವ ಮೂಲೆಗೆ ಬರುತ್ತಿತ್ತು ಎಂದು ಹೆಜ್ಜೆ ಹಾಕಿ ಅಳೆದ. ಬ್ಯಾಟು ಹಿಡಿದಿದ್ದವನೊಬ್ಬ, "ಅಂಕಲ್, ಪಿಚ್ ಮೇಲೆ ಬರ್ಬೇಡಿ," ಎಂದು ಕೂಗಿದ. ಅವನ ಅಂದಾಜಿನ ಪ್ರಕಾರ ಹನುಮಕ್ಕನ ಗದ್ದೆ ಈಗಿನ ಬಸ್ ಸ್ಟಾಪಿನ ಕೆಳಗೆ ಬರುತ್ತಿತ್ತು.

ಮನೆಗೆ ಬಂದು ಅತ್ತಿಗೆಯನ್ನು ಕೇಳಿದ: "ಹಗ್ಗ ತೋರಿಸಿದ್ನಲ್ಲ, ಆಮೇಲೆ ಏನಂದ?"

"ಏನೂ ಅನ್ಲಿಲ್ವಂತೆ. ಅದೇ ಅಂತೆ ಹನುಮಕ್ಕಂಗೆ ಹೊಟ್ಟೆ ಉರಿದಿದ್ದು. ಸುಳ್ಳಾದ್ರೂ ಬಾಯಿಬಿಟ್ಟು ಹೇಳಿದ್ರೆ ತಿರುಗಿ ಬೈಯಬಹುದಿತ್ತು. ಹಗ್ಗ ಎತ್ತಿ ಹಿಡ್ಕೊಂಡು ನಿಂತ್ಕೊಂಡನಂತೆ, ಅಷ್ಟೆ."

ಆ ಚಿತ್ರ ಸಿಕ್ಕ ಮೇಲೆ ಬರೆಯುವುದು ಸಾಧ್ಯವಾಯಿತು. ಹಳೆಯ ಹದಿನಾಲ್ಕನೇ ಅಧ್ಯಾಯದಲ್ಲಿ ಹದಿನಾರು ಪುಟ ತುಂಬ ಮಾತಾಡಿದ್ದ ಮಾಯಣ್ಣ ಹೊಸದರಲ್ಲಿ ಎರಡೇ ಸಲ ಬಾಯಿ ಬಿಟ್ಟ. ಎರವು ಕೇಳುವಾಗ ಒಮ್ಮೆ, ಗುಡಿಸಲಿನ ಮುಂದೆ ಹೆಂಡತಿ 'ಆ ಕಡ್ಡಿ ಎಲ್ಲಿ' ಎಂದಾಗ 'ಒಲೆ ನೋಡ್ಕೊ' ಎಂದು ಇನ್ನೊಮ್ಮೆ. ಎತ್ತು ಬಿಳಿಯದಾಗಿಯೇ ಉಳಿಯಿತು. ಐದನೆಯ ದಿನ ಬೆಳಿಗ್ಗೆ ಹಸ್ತಪ್ರತಿ ಶೀನಣ್ಣನ ಕೈಗೆ ಸೇರಿತು.

ಯುಗಾದಿಯ ಹಿಂದಿನ ದಿನ ಮುನಿರಾಮಪ್ಪ ಮತ್ತೆ ಪ್ರೆಸ್ಸಿಗೆ ಹೋದಾಗ ಮಷೀನು ಸುಮ್ಮನಿತ್ತು. ಗೋಡೆಗೆ ಒರಗಿಸಿದ್ದ ಕಾಗದದ ರೀಮುಗಳು ಇರಲಿಲ್ಲ. ಅವು ಇದ್ದ ಜಾಗದಲ್ಲಿ ನೆಲ ಚೌಕಾಕಾರವಾಗಿ ಬೆಳ್ಳಗಿತ್ತು.

"ನೆನ್ನೆ ಆಟೋ ಬಂದು ಅಚ್ಚಾಗಿದ್ದು, ಆಗದಿದ್ದು ಎಲ್ಲ ತುಂಬ್ಕೊಂಡು ಹೋಯ್ತು," ಎಂದರು ರಾಮಸ್ವಾಮಿ. "ನಿಮ್ಮ ಅಣ್ಣನ ಮಗ ಮರ್ಯಾದೆಯಾಗೇ ಹೇಳಿ ಕಳಿಸಿದ್ರು. ಹಾಲ್ ಕೂಡ ಬಿಟ್ಟುಕೊಟ್ರಂತೆ."

ಮುನಿರಾಮಪ್ಪ ಅದನ್ನು ನಿರೀಕ್ಷಿಸಿಯೇ ಬಂದಿದ್ದ. ಆದರೂ ಆ ಬೆಳ್ಳಗಿನ ಚೌಕವನ್ನು ನೋಡುತ್ತ ಸ್ಟೂಲಿನ ಮೇಲೆ ಕೂತ. ಅವನ ಆರು ವರ್ಷದ ಕೆಲಸ ಆ ಚೌಕದ ಮೇಲೆ ನಿಂತಿತ್ತು.

ಶೀನಣ್ಣ ಒಳಗಿನಿಂದ ಬಂದ. ಬೆರಳೆಲ್ಲ ಮಸಿ. "ಸಾರ್, ಹದಿನಾಲ್ಕು ಕಟ್ಟಿ ಮುಗಿಸಿದೀನಿ. ರಾತ್ರಿ ಕನಸಲ್ಲೂ ಆ ಹಗ್ಗಾನೇ. ಇದನ್ನ ಅಚ್ಚು ಹೊಡೀದೆ ಬಿಚ್ಚು ಅಂದ್ರೆ ನಾನು ಬಿಚ್ಚಲ್ಲ, ಮೊದಲೇ ಹೇಳ್ತೀನಿ."

"ಕಾಗದ ಎಲ್ಲಿದೆಯೋ?" ಎಂದರು ರಾಮಸ್ವಾಮಿ.

"ಲಗ್ನಪತ್ರಿಕೆ ಕಾಗದ ಉಳಿದಿದೆಯಲ್ಲ ಸ್ವಾಮಿ. ಗುಲಾಬಿದು."

"ಮೇಷ್ಟ್ರ ಮುತ್ತಾತನ ಪಂಚಾಯ್ತಿಗೆ ಗುಲಾಬಿ ಕಾಗದಾನಾ?"

"ಅರಿಶಿಣ ಹಚ್ಚದಿದ್ರೆ ಆಯ್ತು," ಎಂದ ಶೀನಣ್ಣ.

ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಪ್ರತಿ ಅಚ್ಚಾಗಿ ಬಂದವು. ಹದಿನಾರು ಪುಟ, ಮಡಿಸಿ ನಡುವೆ ದಾರ ಹಾಕಿದ್ದು. ಮೊದಲಿನ ಹದಿಮೂರು ಅಧ್ಯಾಯವಿಲ್ಲ, ಕೊನೆಯ ಒಂಬತ್ತಿಲ್ಲ. ಮೊದಲ ಪುಟ 'ಹದಿನಾಲ್ಕು' ಎಂದು ಶುರುವಾಗುತ್ತಿತ್ತು.

ಹಬ್ಬದ ದಿನ ಹೇಗೋ ಕಳೆಯಿತು. ಬೇವುಬೆಲ್ಲ ತಿಂದರು. ಅಭಿನಂದನ್ ಹೆಂಡತಿ ಮಕ್ಕಳೊಡನೆ ಬಂದು ಒಬ್ಬಟ್ಟು ಉಂಡು ಹೋದ. ಅವನೂ ಪುಸ್ತಕದ ಮಾತೆತ್ತಲಿಲ್ಲ, ಇವನೂ ಎತ್ತಲಿಲ್ಲ.

ತೊಡಕಿನ ದಿನ ಬೆಳಿಗ್ಗೆ ಮುನಿಲಕ್ಷ್ಮಮ್ಮ ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದಳು. ಬಾವಿಯಲ್ಲಿ ನೀರು ಆಳಕ್ಕೆ ಇಳಿದಿತ್ತು. ಹಗ್ಗ ಪೂರ್ತಿ ಬಿಟ್ಟ ಮೇಲೆ ಕೊಡ ಮುಳುಗಿತು. ಮುನಿರಾಮಪ್ಪ ನಾಲ್ಕು ಸಲ ಸೇದಿ ಬಿಂದಿಗೆ ತುಂಬಿಸಿದ.

"ಹೆಗಲ ಮೇಲೆ ಇಟ್ಕೊ. ಸೊಂಟದ ಮೇಲೆ ನಿಂಗೆ ನಿಲ್ಲಲ್ಲ," ಎಂದಳು ಅತ್ತಿಗೆ. "ದಾರೀಲಿ ಕೆಳಗೆ ಇಡಬಾರ್ದು. ಯಾರಾದ್ರೂ ಮಾತಾಡ್ಸಿದ್ರೆ ನಿಂತ್ಕೊಂಡೇ ಮಾತಾಡು. ಬೇಗ ಬಾ, ನೀನು ಬರೋವರೆಗೂ ಒಲೆ ಹಚ್ಚಲ್ಲ."

ಗವಿಪುರದ ಇಳಿಜಾರು ದಾಟುವಷ್ಟರಲ್ಲಿ ಅಂಗಿಯ ಎಡಭಾಗ ಪೂರ್ತಿ ನೆಂದಿತ್ತು. ಮಾಂಸದ ಅಂಗಡಿಯ ಮುಂದೆ ಉದ್ದನೆಯ ಸಾಲು ನಿಂತಿತ್ತು. ಸಾಲಿನಲ್ಲಿದ್ದ ಹಳೆಯ ಶಿಷ್ಯನೊಬ್ಬ, "ಏನ್ ಮೇಷ್ಟ್ರೇ, ನಿಮ್ಮ ಬೀದೀಲಿ ನಲ್ಲಿ ಬಂದಿಲ್ವಾ?" ಎಂದ. "ಬಂದಿದೆಯಪ್ಪ. ಇದು ಬೇರೆ ನೀರು," ಎಂದು ಮುನಿರಾಮಪ್ಪ ನಿಲ್ಲದೆ ನಡೆದ. ಹೆಗಲು ಬದಲಾಯಿಸಬೇಕೆನಿಸಿತು. ಬದಲಾಯಿಸಲು ಹೋದರೆ ಕಂಕುಳಲ್ಲಿದ್ದ ಪ್ಲಾಸ್ಟಿಕ್ ಕವರು ಬೀಳುತ್ತದೆ. ಅದರೊಳಗೆ ಹದಿನಾರು ಗುಲಾಬಿ ಪುಟ. ಇದೇ ಭಾರವನ್ನು ಐವತ್ತೆರಡು ಸಲ ಅತ್ತಿಗೆ ಹೊತ್ತಿದ್ದಾಳೆ, ಅದಕ್ಕೆ ಮೊದಲು ಅಮ್ಮ. ಆ ದಿನಗಳಲ್ಲಿ ಅವನು ಜಗಲಿಯ ಮೇಲೆ ಕೂತು, ಊಟ ಯಾಕೆ ತಡ ಎಂದು ಕೇಳುತ್ತಿದ್ದ.

ತ್ಯಾಗರಾಜನಗರದ ಕೊನೆಯ ಸಾಲಿನಲ್ಲಿ ಒಂದು ಸಣ್ಣ ತಾರಸಿ ಮನೆ. ಮುಂದೆ ನುಗ್ಗೆಮರ. ನಾರಾಯಣಮ್ಮ ಬಾಗಿಲ ಬಳಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು. ಹನುಮಕ್ಕನ ಮೊಮ್ಮಗನ ಹೆಂಡತಿ. ಬಿಂದಿಗೆ ಹೊತ್ತು ಬಂದ ಗಂಡಸನ್ನು ಕಂಡು ಮೊರ ಕೆಳಗಿಟ್ಟಳು.

"ಮುನಿಲಕ್ಷ್ಮಿ ಎಲ್ಲಿ? ಚೆನ್ನಾಗಿದ್ದಾಳೆ ತಾನೆ?"

"ಮಂಡಿ ನೋವು. ನಡೆಯೋಕಾಗ್ತಿಲ್ಲ."

"ಅದಕ್ಕೆ ನಿನ್ನ ಕಳಿಸಿದ್ಲಾ?"

"ಇಲ್ಲಮ್ಮ. ನಾನೇ ಬಂದೆ. ನಿಮಗೆ ಒಂದು ಓದಿ ಹೇಳ್ಬೇಕು."

ಒಳಗಿನಿಂದ ಕಾಲೇಜಿಗೆ ಹೋಗುವ ಮೊಮ್ಮಗಳು ಪ್ರತಿಭಾ ಬಂದು ಬಿಂದಿಗೆ ಇಳಿಸಲು ಕೈ ಜೋಡಿಸಿದಳು. ಕವರಿನಿಂದ ಪುಸ್ತಿಕೆ ತೆಗೆದದ್ದು ನೋಡಿ, "ಕೊಡಿ ಅಂಕಲ್, ಅಜ್ಜಿಗೆ ನಾನು ಓದ್ತೀನಿ. ನೀವು ಸುಸ್ತಾಗಿದ್ದೀರ," ಎಂದಳು.

"ನೀನು ಸುಮ್ನಿರು. ಅವನೇ ಓದ್ಲಿ," ಎಂದಳು ನಾರಾಯಣಮ್ಮ.

ಮುನಿರಾಮಪ್ಪ ಮೆಟ್ಟಿಲ ಮೇಲೆ ಕೂತು ಓದತೊಡಗಿದ. ಮೂವತ್ತೈದು ವರ್ಷ ಮಕ್ಕಳ ಮುಂದೆ ಓದಿದವನು ಇವತ್ತು 'ಎರವು' ಎನ್ನುವ ಮಾತಿನ ಹತ್ತಿರ ತಪ್ಪಿ, ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದ. ನಾರಾಯಣಮ್ಮ ನಡುವೆ ಕೈ ಎತ್ತಿದಳು.

"ನಿಲ್ಸು. ಹನುಮಕ್ಕನ ಭತ್ತನೂ ಹೊಡೆ ಬಿಟ್ಟಿತ್ತು ಅಂತ ಬರ್ದಿದೀಯ. ತಪ್ಪು. ನಮ್ಮದು ಹೊಡೆ ದಾಟಿ ಕಾಳು ಹಾಲುದುಂಬಿತ್ತು. ಇನ್ನೊಂದೇ ಒಂದು ನೀರು ಸಿಕ್ಕಿದ್ರೆ ಸಾಕಾಗಿತ್ತು."

"ಅದು ಗೊತ್ತಿರ್ಲಿಲ್ಲ."

"ಬರ್ಕೊ ಹಂಗಾದ್ರೆ."

ಜೇಬಿನಿಂದ ಪೆನ್ನು ತೆಗೆದು ಗುಲಾಬಿ ಪುಟದ ಅಂಚಿನಲ್ಲಿ 'ಹಾಲುದುಂಬಿತ್ತು' ಎಂದು ಬರೆದ. ಮುಂದೆ ಓದಿದ. ಪಂಚಾಯ್ತಿ, ಹಗ್ಗ, ಹುಲ್ಲುಕಡ್ಡಿಯಿಲ್ಲದ ಗಂಟು, ಎತ್ತಿ ಹಿಡಿದು ನಿಂತ ಮಾಯಣ್ಣ. ಪಕ್ಕದ ಮನೆಯಲ್ಲಿ ಮಸಾಲೆ ರುಬ್ಬುವ ಮಿಕ್ಸಿ ಶುರುವಾಯಿತು; ನಾರಾಯಣಮ್ಮ ಕಿವಿಯನ್ನು ಅವನ ಕಡೆ ಬಾಗಿಸಿದಳು. ಅವನು ದನಿ ಏರಿಸಿದ. 'ಮಾಯಣ್ಣ ಕಡ್ಡಿಯನ್ನು ಕಿತ್ತಿದ್ದ' ಎನ್ನುವ ಸಾಲು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೊರಬಿತ್ತು.

ಓದಿ ಮುಗಿದ ಮೇಲೆ ಅವಳು ಮೊರ ಎತ್ತಿಕೊಂಡಳು. ಹುರುಳಿಯನ್ನು ಒಮ್ಮೆ ಕೇರಿದಳು. ಒಂದು ಕಲ್ಲು ಸಿಕ್ಕಿತು, ಹೆಕ್ಕಿ ಎಸೆದಳು.

"ಪುಸ್ತಕ ಇಷ್ಟೇನಾ?"

"ದೊಡ್ಡದಿತ್ತು. ಸದ್ಯಕ್ಕೆ ಇಷ್ಟು."

ಅವಳು ಗೋಡೆ ಹಿಡಿದು ಎದ್ದಳು. ಮೊಮ್ಮಗಳು ಸಹಾಯಕ್ಕೆ ಬಂದರೆ ಕೈ ಅಡ್ಡ ಮಾಡಿದಳು. ಬಿಂದಿಗೆಯನ್ನು ಬಗ್ಗಿಸಿ ನುಗ್ಗೆಮರದ ಪಾತಿಗೆ ನೀರನ್ನು ನಿಧಾನವಾಗಿ ಸುರಿದಳು. ಒಣ ಮಣ್ಣು ಸದ್ದು ಮಾಡುತ್ತ ಕುಡಿಯಿತು. ಖಾಲಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಮುನಿರಾಮಪ್ಪ ಕಾದ. ಭತ್ತ ಎಲ್ಲಿಟ್ಟಿದ್ದಾರೋ, ಡಬ್ಬಿ ಹುಡುಕುತ್ತಿರಬೇಕು ಎಂದುಕೊಂಡ. ಪ್ರತಿಭಾ ಕಾಫಿ ತಂದುಕೊಟ್ಟಳು. ಕುಡಿದ. ಲೋಟ ಕೆಳಗಿಟ್ಟ. ಎದ್ದು ನಿಂತು, ಮತ್ತೆ ಕೂತು, ಒಳಗೆ ಇಣುಕಿದ. ಅಡುಗೆಮನೆಯ ಅಟ್ಟದ ಮೇಲೆ ಹಿತ್ತಾಳೆಯ ಬಿಂದಿಗೆ ಬೋರಲಾಗಿ ಕೂತಿತ್ತು.

ನಾರಾಯಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಇನ್ನೇನು ಕಾಯ್ತಿದೀಯ? ಹೊರಡು. ನಿಮ್ಮತ್ತಿಗೆ ಒಲೆ ಹಚ್ಚದೆ ಕೂತಿರ್ತಾಳೆ. ಆ ಕಾಗದ ಇಲ್ಲೇ ಬಿಟ್ಟು ಹೋಗು."

ಹಿಂದಿರುಗುವ ದಾರಿ ಬೇಗ ಮುಗಿಯಿತು. ಕೈ ಖಾಲಿಯಾಗಿತ್ತು. ಒದ್ದೆ ಹೆಗಲು ಬಿಸಿಲಿಗೆ ಆರುತ್ತ ಬಂದರೂ ಅಲ್ಲಿ ಭಾರ ಇರುವಂತೆಯೇ ಎಡಗಡೆಗೆ ವಾಲಿಕೊಂಡು ನಡೆಯುತ್ತಿದ್ದ. ಮನೆಯ ಮುಂದೆ ಅಭಿನಂದನನ ಕಾರಿತ್ತು. ಅವನು ತೊಡಕಿನ ಊಟಕ್ಕೆ ಬಂದು ಜಗಲಿಯ ಮೇಲೆ ಕೂತಿದ್ದ. ಚಿಕ್ಕಪ್ಪನ ಒದ್ದೆ ಅಂಗಿಯನ್ನೂ ಖಾಲಿ ಕೈಯನ್ನೂ ನೋಡಿದ. ಕೂರಲು ಜಾಗ ಬಿಟ್ಟು ಸರಿದ.

ಮುನಿರಾಮಪ್ಪ ಕೂರಲಿಲ್ಲ. ಹಿತ್ತಲಿಗೆ ಹೋದ. ಮುನಿಲಕ್ಷ್ಮಮ್ಮ ಹಚ್ಚದ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ತೊಳೆದಿಟ್ಟ ಮಾಂಸ.

"ಬಿಂದಿಗೆ ಎಲ್ಲಿ?"

"ಇಟ್ಕೊಂಡ್ರು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಬಾವಿಕಟ್ಟೆಯ ಕಡೆ ನೋಡಿದಳು. ಬಿಂದಿಗೆ ಇಟ್ಟು ಇಟ್ಟು ಕಲ್ಲಿನ ಮೇಲೆ ಒಂದು ದುಂಡನೆಯ ಗುಳಿ ಬಿದ್ದಿತ್ತು.

"ನನ್ನ ಕೇಳಿದ್ಲಾ?"

"ಮೊದಲು ಅದನ್ನೇ ಕೇಳಿದ್ದು."

"ಹೂಂ." ಬೆಂಕಿಪೊಟ್ಟಣ ತೆಗೆದುಕೊಂಡಳು. ಒಂದು ಕಡ್ಡಿ ಗೀರಿದಳು, ಹತ್ತಲಿಲ್ಲ. ಇನ್ನೊಂದು ತೆಗೆದಳು. "ಮುಂದಿನ ವರ್ಷ ಮಂಡಿ ಸರಿಹೋಗ್ತದೆ ಅಂತಿದ್ರು ಡಾಕ್ಟ್ರು," ಎಂದಳು ತನ್ನಷ್ಟಕ್ಕೆ. ಎರಡನೆಯ ಕಡ್ಡಿಯೂ ಹತ್ತಲಿಲ್ಲ.

ಅವಳು ತಲೆ ಎತ್ತಿದಳು.

"ಅಲ್ಲ ಕಣಪ್ಪ, ಸಾಲ ನಿಮ್ಮನೇದು, ಸರಿ. ಬಿಂದಿಗೆ ನಮ್ಮಪ್ಪನ ಮನೇದು! ಮದುವೇಲಿ ಅಕ್ಕಿಪೇಟೆಯಿಂದ ಗಾಡೀಲಿ ಹಾಕಿ ಕಳಿಸಿದ್ದು. ಅದನ್ನ ಇಟ್ಟು ಬಂದ್ಯಲ್ಲ, ನನ್ನ ಒಂದು ಮಾತು ಕೇಳಿದ್ಯಾ?"

"ಹೊಸದು ತಂದ್ಕೊಡ್ತೀನಿ ಅತ್ತಿಗೆ. ನಗರ್ತಪೇಟೆಗೆ ಹೋಗಿ..."

"ಬಾಯ್ಮುಚ್ಚು. ತೊಡಕಿನ ದಿನ ಕೊಡ್ತೀನಿ ಗಿಡ್ತೀನಿ ಅಂತ ಮಾತು ಕೊಡಬಾರ್ದು, ವರ್ಷವೆಲ್ಲ ಅದೇ ನಡೀತದೆ. ನಾಳೆ ಹೇಳು." ಮೂರನೆಯ ಕಡ್ಡಿ ಹತ್ತಿತು. "ಹೋಗು, ಅಡುಗೆಗೆ ನೀರು ಬೇಕು. ಆ ಪ್ಲಾಸ್ಟಿಕ್ ಕೊಡದಲ್ಲೇ ಸೇದ್ಕೊಂಡು ಬಾ."